ಹೆರುವ ಕಪ್ಪೆಗೊಂದು ನೆರಳು

ಶೃಂಗೇರಿಗೆ ಹೋದವರು ತುಂಗೆಯ ದಡದ ಕಪ್ಪೆ ಶಂಕರನನ್ನು ನೋಡಿರುತ್ತೀರಿ. ಸುಡುಬಿಸಿಲಿನಲ್ಲಿ ಹೆರಿಗೆಯ ನೋವಿನಿಂದ ನರಳುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆ ಬಿಚ್ಚಿ ನೆರಳು ಹಿಡಿದಿತ್ತಂತೆ. ಅದನ್ನು ಕಂಡ ಶಂಕರಾಚಾರ್ಯರು, ಹುಟ್ಟುಹಗೆಗಳೂ ಹಗೆ ಮರೆಯುವ ಈ ನೆಲವೇ ಪೀಠಕ್ಕೆ ತಕ್ಕದ್ದು ಎಂದರಂತೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನ್ನ ಕಣ್ಣೆಲ್ಲ ಹಾವಿನ ಮೇಲಿತ್ತು. ಕಪ್ಪೆಯ ಕಡೆ ನೋಡಬೇಕು ಅನ್ನಿಸಿದ್ದು ತುಂಬಾ ತಡವಾಗಿ.

ಹಾಗೆ ನೋಡುವಂತೆ ಮಾಡಿದ್ದು ನಮ್ಮ ಗದ್ದೆಯ ಅಂಚಿನ ಒಂದು ಹೊಂಡ. ಮುಂಗಾರಿನ ಮೊದಲ ಮಳೆಗೆ ಅದು ತುಂಬುತ್ತಿತ್ತು. ವಾರ ಹದಿನೈದು ದಿನದಲ್ಲಿ ಕರಿ ಎಳ್ಳು ಚೆಲ್ಲಿದಂತೆ ಗೊದಮೊಟ್ಟೆಗಳು. ಒಂದು ವರ್ಷ ಅವುಗಳಲ್ಲಿ ಕೆಲವು ನೆಟ್ಟಗೆ ಈಜುತ್ತಲೇ ಇರಲಿಲ್ಲ. ಬೆನ್ನು ಡೊಂಕಾಗಿ, ಬಾಲ ಒಂದು ಕಡೆಗೆ ಸೊಟ್ಟಗಾಗಿ, ಇದ್ದಲ್ಲೇ ಗಿರಗಿರ ಸುತ್ತುತ್ತಿದ್ದವು. ಅಜ್ಜಿಯನ್ನು ಕರೆದು ತೋರಿಸಿದೆ. ಅಜ್ಜಿ ಬಗ್ಗಿ ನೋಡಿ, “ಪಾಪ, ಅದರ ಹಣೆಬರಹ” ಎಂದರು. ಅದೇ ಹೊಂಡದ ನೀರಿನಲ್ಲಿ ನಮ್ಮ ಮನೆಯ ಔಷಧಿ ಹೊಡೆಯುವ ಪಂಪನ್ನು ತೊಳೆಯುತ್ತಿದ್ದೆವು. ಆ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡುವ ಬುದ್ಧಿ ಆಗ ನಮಗ್ಯಾರಿಗೂ ಇರಲಿಲ್ಲ.

ಇವತ್ತು ನಾನು ಹೇಳಹೊರಟಿರುವುದು ಆ ಡೊಂಕು ಬೆನ್ನಿನ ಕಥೆ. ಅದರೊಳಗೆ ಒಂದು ಹುಳುವಿದೆ, ಒಂದು ಬಸವನಹುಳುವಿದೆ, ಒಂದು ಹಾವಿದೆ. ಕೊನೆಗೆ ನಾವೂ ಇದ್ದೇವೆ.

ಮೊದಲು ಹುಳುವಿನ ಪರಿಚಯ. ಪ್ರಾಣಿಲೋಕದಲ್ಲಿ ಚಪ್ಪಟೆ ಹುಳುಗಳೆಂಬ ದೊಡ್ಡ ಬಳಗವಿದೆ. ಅದರಲ್ಲಿ ಇನ್ನೊಂದು ಜೀವಿಯ ಮೈಯೊಳಗೆ ಬಿಡಾರ ಹೂಡಿ ಬದುಕುವ ಒಂದು ಪಂಗಡಕ್ಕೆ ಟ್ರೆಮಟೋಡ್ ಎಂದು ಹೆಸರು. ಹೆಸರು ಹೊಸದೆನಿಸಿದರೂ ನಮ್ಮ ರೈತರಿಗೆ ಇವು ಅಪರಿಚಿತವಲ್ಲ. ಕೆರೆಯಂಗಳದ ಹಸಿಹುಲ್ಲು ಮೇಯ್ದ ಕುರಿಗೋ ಎಮ್ಮೆಗೋ ಗದ್ದದ ಕೆಳಗೆ ನೀರು ತುಂಬಿ ಬಾವು ಬಂದರೆ ಪಶುವೈದ್ಯರು ಯಕೃತ್ತಿನ ಹುಳುವೆಂದು ಔಷಧಿ ಕುಡಿಸುತ್ತಾರಲ್ಲ, ಆ ಲಿವರ್ ಫ್ಲೂಕ್ ಇದೇ ಪಂಗಡದ್ದು. ದನಗಳಿಗೆ ಮೂಗು ಕಟ್ಟಿ ಗೊರಗೊರ ಸದ್ದು ಬರುವ ಗೊರಕೆ ರೋಗವನ್ನು ತರುವುದೂ ಇದರ ದಾಯಾದಿಯೇ. ಈ ಎರಡಕ್ಕೂ ನೀರಿನ ಬಸವನಹುಳು ಬೇಕೇ ಬೇಕು. ಕಪ್ಪೆಗೆ ಬರುವ ಹುಳುವಿಗೂ ಅಷ್ಟೇ.

ಈ ಹುಳುಗಳ ಬಾಳು ಒಂದೇ ಮನೆಯಲ್ಲಿ ಮುಗಿಯುವುದಿಲ್ಲ. ಒಂದು ಮನೆಯಲ್ಲಿ ಹುಟ್ಟಿ, ಇನ್ನೊಂದರಲ್ಲಿ ಬೆಳೆದು, ಮೂರನೆಯದರಲ್ಲಿ ಸಂಸಾರ ಹೂಡಬೇಕು. ಇದಕ್ಕೆ ನಮ್ಮ ನೆರೆಯ ಶ್ರೀಲಂಕಾದ ಒಂದು ಹುಳುವನ್ನೇ ಉದಾಹರಣೆಯಾಗಿ ನೋಡೋಣ. ಅದರ ಹೆಸರು ಅಕಾಂತೋಸ್ಟೋಮಮ್ ಬರ್ಮಿನಿಸ್. ಹೆಸರಿನಲ್ಲೇ ಬರ್ಮಾ ಇದೆ. ಅದನ್ನು 1926ರಲ್ಲಿ ಮೊದಲು ವಿವರಿಸಿದವರು ಭಾಲೇರಾವ್ ಎಂಬ ವಿಜ್ಞಾನಿ.

ಈ ಹುಳು ಪ್ರಾಯಕ್ಕೆ ಬರುವುದು ನೀರೊಳ್ಳೆ ಹಾವಿನ ಹೊಟ್ಟೆಯಲ್ಲಿ. ಅಲ್ಲಿ ಇಟ್ಟ ಮೊಟ್ಟೆಗಳು ಹಾವಿನ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತವೆ. ಮೊಟ್ಟೆಯೊಳಗಿನ ಮರಿ ಬಸವನಹುಳುವಿನ ಮೈ ಸೇರಬೇಕು. ಎಲ್ಲ ಬಸವನಹುಳುವೂ ಆಗದು. ಕೆರೆ ಕಾಲುವೆಗಳ ಕೆಸರಿನಲ್ಲಿ ಸಿಗುವ, ಉದ್ದನೆಯ ತಿರುಪಿನ ಚಿಪ್ಪಿನ ಥಿಯಾರಾ ಜಾತಿಯದೇ ಆಗಬೇಕು. ಒಳಹೊಕ್ಕ ಮರಿ ಅಲ್ಲಿ ಗಂಡು ಹೆಣ್ಣಿನ ಕೂಟವಿಲ್ಲದೆಯೇ ಒಂದು ಹತ್ತಾಗಿ, ಹತ್ತು ನೂರಾಗಿ ಹೆಚ್ಚುತ್ತದೆ. ಹೀಗೆ ಹುಳು ಹೊಕ್ಕ ಬಸವನಹುಳುಗಳು ಸಾಮಾನ್ಯವಾಗಿ ತಾವು ಮರಿ ಮಾಡುವುದನ್ನೇ ನಿಲ್ಲಿಸಿಬಿಡುತ್ತವೆ. ತಿಂದದ್ದೆಲ್ಲ ಪರರ ಮಕ್ಕಳನ್ನು ಸಾಕಲು ಹೋಗುತ್ತದೆ.

ಕಡೆಗೊಂದು ದಿನ ಬಸವನಹುಳುವಿನ ಮೈಯಿಂದ ಬಾಲವಿರುವ ಸಣ್ಣ ಸಣ್ಣ ಲಾರ್ವಾಗಳು ಹೊರಬೀಳುತ್ತವೆ. ಇವುಗಳಿಗೆ ಸರ್ಕೇರಿಯಾ ಎನ್ನುತ್ತಾರೆ. ಬರಿಗಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕವು. ಬಾಯಿಗೆ ಆಹಾರವಿಲ್ಲ, ಕೈಯಲ್ಲಿ ಕಾಲವಿಲ್ಲ. ಹೊರಟಾಗ ಮೈಯಲ್ಲಿದ್ದ ಬುತ್ತಿಯಷ್ಟೇ. ಹೆಚ್ಚೆಂದರೆ ಒಂದೆರಡು ದಿನದೊಳಗೆ ಕಪ್ಪೆಯ ಮರಿಯೊಂದು ಸಿಗಬೇಕು, ಇಲ್ಲವಾದರೆ ಸಾವು. ಗೊದಮೊಟ್ಟೆ ಸಿಕ್ಕಿತೋ, ಚರ್ಮ ಕೊರೆದು ಒಳನುಗ್ಗಿ, ಇನ್ನು ಬೇಡವಾದ ಬಾಲವನ್ನು ಕಳಚಿ ಹಾಕಿ, ಸುತ್ತ ಒಂದು ಗಟ್ಟಿ ಕೋಶ ಕಟ್ಟಿಕೊಂಡು ಕಾದು ಕೂರುತ್ತದೆ. ಕಾಯುವುದು ಹಾವಿಗಾಗಿ. ನೀರೊಳ್ಳೆ ಆ ಕಪ್ಪೆಯನ್ನು ನುಂಗಿದಾಗ ಕೋಶ ಒಡೆದು, ಹುಳು ಮತ್ತೆ ತಾನು ಹೊರಟ ಮನೆಗೇ ಬಂದು ಸೇರುತ್ತದೆ.

ಹಾವಿನಿಂದ ಬಸವನಹುಳು, ಬಸವನಹುಳುವಿನಿಂದ ಕಪ್ಪೆ, ಕಪ್ಪೆಯಿಂದ ಮತ್ತೆ ಹಾವು. ಶೃಂಗೇರಿಯ ಕಥೆಯಲ್ಲಿ ಹಾವನ್ನೂ ಕಪ್ಪೆಯನ್ನೂ ಕೂಡಿಸಿದ್ದು ಕರುಣೆ. ಕೆರೆಯಲ್ಲಿ ಅವೆರಡನ್ನೂ ಕೂಡಿಸಿರುವುದು ಕಣ್ಣಿಗೆ ಕಾಣದ ಈ ನೂಲು.

ಈಗ ಡೊಂಕು ಬೆನ್ನಿನ ಮಾತಿಗೆ ಬರೋಣ. ಶ್ರೀಲಂಕಾದ ಕ್ಯಾಂಡಿಯ ಬಳಿ ಪೆರಾದೆನಿಯ ವಿಶ್ವವಿದ್ಯಾಲಯವಿದೆ. ಅಲ್ಲಿನ ರಾಜಕರುಣಾ, ಜಯವರ್ಧನ ಮತ್ತು ಅವರ ಸಂಗಡಿಗರು ಆ ದ್ವೀಪದಲ್ಲಷ್ಟೇ ಇರುವ ಒಂದು ಮರಗಪ್ಪೆಯನ್ನು ಅಭ್ಯಾಸ ಮಾಡಿದರು. ಅದರ ಬೆನ್ನ ಮೇಲೆ ನಡು ಸಣ್ಣಗಾದ ಒಂದು ಗುರುತಿದೆ. ಇಂಗ್ಲಿಷಿನವರು ಅದಕ್ಕೆ ಮರಳುಗಡಿಯಾರದ ಕಪ್ಪೆ ಎಂದು ಹೆಸರಿಟ್ಟರು. ನನ್ನ ಕಣ್ಣಿಗೆ ಅದು ಶಿವನ ಡಮರುಗ. ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಈ ಕಪ್ಪೆಗಳು ಹಿಂಗಾಲಿನಿಂದ ಕಡೆದು ಕಡೆದು ನೊರೆಯ ಗೂಡು ಮಾಡುತ್ತವೆ, ಬೆಣ್ಣೆ ಕಡೆದ ಹಾಗೆ. ಮೊಟ್ಟೆ ಅದರೊಳಗೆ. ಮೊಟ್ಟೆಯೊಡೆದ ಮರಿಗಳು ನೊರೆಯಿಂದ ಜಾರಿ ಟಪಟಪನೆ ಕೆಳಗಿನ ನೀರಿಗೆ ಬೀಳುತ್ತವೆ. ಆ ಕ್ಷಣದಿಂದ ಅವುಗಳ ಪುಣ್ಯವೂ ಪಾಪವೂ ಆ ನೀರಿನದು.

ವಿಜ್ಞಾನಿಗಳು ಈ ಮರಗಪ್ಪೆಯ ಗೊದಮೊಟ್ಟೆಗಳನ್ನು ಬಸವನಹುಳುವಿನಿಂದ ಬಂದ ಸರ್ಕೇರಿಯಾಗಳ ಜೊತೆ ಬಿಟ್ಟು ನೋಡಿದರು. ಹಾಗೆ ಬೆಳೆದ ಮರಿಗಳಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿತು, ಕೆಲವದರಲ್ಲಿ ಗೂನು ಎದ್ದಿತು. ಕೈಕಾಲುಗಳಲ್ಲೂ ಊನ ಕಂಡಿತು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಗದ್ದೆಯಂಚಿನ ಹೊಂಡ, ಅದರಲ್ಲಿ ಗಿರಗಿರ ಸುತ್ತುತ್ತಿದ್ದ ಆ ಮರಿಗಳು.

ಅಮೆರಿಕದಲ್ಲಿ ಈ ವಿಷಯ ದೊಡ್ಡ ಸುದ್ದಿಯಾದದ್ದು ಇನ್ನೂ ಮೊದಲು, ಅದೂ ಶಾಲಾ ಮಕ್ಕಳಿಂದ. 1995ರ ಆಗಸ್ಟಿನಲ್ಲಿ ಮಿನೆಸೋಟ ರಾಜ್ಯದ ಒಂದು ಕೊಳದ ಬಳಿ ಪಾಠಕ್ಕೆಂದು ಹೋದ ಮಕ್ಕಳು ಕಪ್ಪೆ ಹಿಡಿಯುತ್ತ ಹೋದರು. ಹಿಡಿದವುಗಳಲ್ಲಿ ಅರ್ಧದಷ್ಟಕ್ಕೆ ಕಾಲು ಹೆಚ್ಚಿತ್ತು, ಇಲ್ಲವೇ ಕಾಲೇ ಇರಲಿಲ್ಲ. ದೇಶವೆಲ್ಲ ಗಾಬರಿಯಾಯಿತು. ಇದಕ್ಕೂ ಐದು ವರ್ಷ ಮೊದಲೇ, 1990ರಲ್ಲಿ, ಸ್ಟ್ಯಾನ್ಲಿ ಸೆಷನ್ಸ್ ಮತ್ತು ಸ್ಟೀಫನ್ ರೂತ್ ಎಂಬ ವಿಜ್ಞಾನಿಗಳು ಒಂದು ಸುಳಿವು ಕೊಟ್ಟಿದ್ದರು. ಕಾಲು ಮೊಳೆಯುವ ಜಾಗದಲ್ಲಿ ಹುಳುವಿನ ಕೋಶದಷ್ಟೇ ಚಿಕ್ಕ, ಯಾವ ವಿಷವೂ ಇಲ್ಲದ ಮಣಿಗಳನ್ನು ಹುದುಗಿಸಿದರೂ ಕಾಲು ಕವಲೊಡೆಯುತ್ತದೆ ಎಂದು ಅವರು ತೋರಿಸಿದ್ದರು. ಹರಿಯುವ ನೀರಿಗೆ ನಡುವೆ ಕಲ್ಲು ಸಿಕ್ಕಿದರೆ ಅದು ಎರಡಾಗಿ ಸೀಳುವುದಿಲ್ಲವೇ, ಹಾಗೆ. 1999ರಲ್ಲಿ ಪೀಟರ್ ಜಾನ್ಸನ್ ಮತ್ತು ಅವರ ಜೊತೆಯವರು ಕ್ಯಾಲಿಫೋರ್ನಿಯಾದ ಮರಗಪ್ಪೆಗಳ ಮೇಲೆ ಪ್ರಯೋಗ ನಡೆಸಿ, ರಿಬೈರೋಯಿಯಾ ಎಂಬ ಟ್ರೆಮಟೋಡ್ ಒಂದೇ ಸಾಕು, ಕೆರೆಯಲ್ಲಿ ಕಂಡಂಥದೇ ಊನಗಳನ್ನು ತರಲು ಎಂದು ಸಾಬೀತು ಮಾಡಿದರು. ಅಲ್ಲಿ ಕೊನೆಯ ಮನೆ ಹಾವಲ್ಲ, ಕೊಕ್ಕರೆಯಂಥ ನೀರಹಕ್ಕಿ. ಕಾಲು ನೆಟ್ಟಗಿಲ್ಲದ ಕಪ್ಪೆ ನೆಗೆದು ತಪ್ಪಿಸಿಕೊಳ್ಳಲಾರದು, ಹಕ್ಕಿಗೆ ಸುಲಭದ ತುತ್ತು. ಹುಳುವಿಗೆ ಬೇಕಾದದ್ದೂ ಅದೇ.

ಕೇಳುಗರೇ, ಇಷ್ಟು ಕೇಳಿದ ಮೇಲೆ ಹುಳುವಿನ ಮೇಲೆ ಸಿಟ್ಟು ಬರುವುದು ಸಹಜ. ಹಾಗಾದರೆ ಹುಳುವನ್ನೇ ನಾಶ ಮಾಡಿಬಿಡಬಾರದೇ ಎಂದು ನೀವು ಕೇಳಬಹುದು. ಇಲ್ಲಿ ಸ್ವಲ್ಪ ನಿಲ್ಲೋಣ. ಈ ಹುಳುಗಳು ಇಂದು ನಿನ್ನೆ ಬಂದವಲ್ಲ. ಹಾವೋ ನೀರಹಕ್ಕಿಯೋ ಒಂದು, ಕಪ್ಪೆ, ಬಸವನಹುಳು ಈ ಮೂರೂ ನೆಮ್ಮದಿಯಾಗಿರುವ ಕಡೆ ಮಾತ್ರ ಇವು ಬಾಳಬಲ್ಲವು. ಮೂರರಲ್ಲಿ ಒಂದು ಅಳಿದರೂ ಇವುಗಳ ವಂಶ ಅಲ್ಲಿಗೆ ಮುಗಿಯಿತು. ಅದಕ್ಕೇ ಕೆಲವು ಪರಿಸರ ವಿಜ್ಞಾನಿಗಳು ಕೆರೆಯಲ್ಲಿ ನಾನಾ ಬಗೆಯ ಟ್ರೆಮಟೋಡುಗಳು ಕಂಡರೆ ಆ ಕೆರೆಯ ಜೀವಜಾಲ ಇನ್ನೂ ಇಡಿಯಾಗಿದೆ ಎಂದು ಓದಿಕೊಳ್ಳುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಮೂರು ಅಳಿವೆಗಳಲ್ಲಿ ಪರಾವಲಂಬಿಗಳನ್ನೆಲ್ಲ ತೂಕಕ್ಕೆ ಹಾಕಿದಾಗ, ಅವುಗಳ ಒಟ್ಟು ತೂಕ ಅಲ್ಲಿನ ಹಕ್ಕಿಗಳ ಒಟ್ಟು ತೂಕಕ್ಕಿಂತ ಹೆಚ್ಚಿತ್ತು. ಪ್ರಕೃತಿಯ ಲೆಕ್ಕದಲ್ಲಿ ಇವಕ್ಕೂ ಒಂದು ಪಾಲಿದೆ.

ಗೊದಮೊಟ್ಟೆಯೂ ಸುಮ್ಮನೆ ಕೂತು ಕೊರೆಸಿಕೊಳ್ಳುವುದಿಲ್ಲ. ಮೈಗೆ ಸರ್ಕೇರಿಯಾ ತಾಗಿತೆಂದರೆ ಬಾಲ ಬಡಿದು ಸರ್ರನೆ ತಿರುಗಿ ಅದನ್ನು ಕೊಡವಿ ಹಾಕುತ್ತದೆ. ಒಳಹೊಕ್ಕ ಒಂದೆರಡನ್ನು ಮೈಯ ರೋಗನಿರೋಧಕ ಶಕ್ತಿ ನೋಡಿಕೊಳ್ಳುತ್ತದೆ. ನೀರಿನಲ್ಲಿ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಬಳಗದ ಮರಿಗಳು ಸರ್ಕೇರಿಯಾಗಳನ್ನು ಹಿಡಿದು ತಿಂದುಹಾಕುತ್ತವೆ. ಹೀಗೆ ಹುಳುವಿಗೆ ಹುಳುವಿನ ಪಾಲು, ಕಪ್ಪೆಗೆ ಕಪ್ಪೆಯ ಪಾಲು ಸಿಗುತ್ತ, ತಕ್ಕಡಿ ಹೆಚ್ಚು ಓಲಾಡದೆ ನಿಂತಿತ್ತು.

ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಹಾಕಿದವರು ನಾವು. ಅದು ಹೇಗೆಂದು ಬಿಡಿಸಿ ಹೇಳುತ್ತೇನೆ.

ಮೊದಲನೆಯ ಕಲ್ಲು ಗೊಬ್ಬರ. ಗದ್ದೆಗೆ ಹಾಕಿದ ಯೂರಿಯಾ, ರಂಜಕದ ಗೊಬ್ಬರಗಳಲ್ಲಿ ಪೈರು ಉಣ್ಣುವುದು ಒಂದು ಪಾಲು. ಉಳಿದದ್ದರಲ್ಲಿ ಸಾಕಷ್ಟು ಮಳೆನೀರಿನೊಡನೆ ಹರಿದು ಹೊಂಡ ಕೆರೆಗಳನ್ನು ಸೇರುತ್ತದೆ. ನೀರಿಗೆ ಗೊಬ್ಬರ ಬಿದ್ದರೆ ಪಾಚಿ ಕೊಬ್ಬುತ್ತದೆ. ಪಾಚಿ ಬಸವನಹುಳುವಿನ ಊಟ. ಊಟ ಹೆಚ್ಚಿದರೆ ಬಸವನಹುಳು ಹೆಚ್ಚುತ್ತದೆ. ಅಷ್ಟೇ ಅಲ್ಲ, ಹೊಟ್ಟೆ ತುಂಬಿದ ಒಂದೊಂದು ಬಸವನಹುಳುವೂ ಮೊದಲಿಗಿಂತ ಹೆಚ್ಚು ಸರ್ಕೇರಿಯಾಗಳನ್ನು ನೀರಿಗೆ ಬಿಡುತ್ತದೆ. ಜಾನ್ಸನ್ ಅವರ ತಂಡ ಇದನ್ನು 2007ರಲ್ಲಿ ಪ್ರಯೋಗ ಮಾಡಿಯೇ ತೋರಿಸಿತು. ಗದ್ದೆಯಲ್ಲಿ ಚೆಲ್ಲಿದ ಒಂದು ಹಿಡಿ ಗೊಬ್ಬರ ಕಪ್ಪೆಯ ಬೆನ್ನಿನವರೆಗೆ ನಡೆದುಕೊಂಡು ಹೋಗುವ ದಾರಿ ಇದು.

ಎರಡನೆಯ ಕಲ್ಲು ಕೀಟನಾಶಕ, ಕಳೆನಾಶಕಗಳು. ಇವು ಗೊದಮೊಟ್ಟೆಯನ್ನು ಅಲ್ಲೇ ಕೊಲ್ಲಬೇಕೆಂದಿಲ್ಲ. ಮೈಯ ಕಾವಲು ಪಡೆಯನ್ನು ಮಂಕಾಗಿಸಿದರೂ ಸಾಕು, ಹುಳುವಿಗೆ ಬಾಗಿಲು ತೆರೆದಂತೆ. 2002ರಲ್ಲಿ ಪ್ರಕಟವಾದ, ಪೆನ್ಸಿಲ್ವೇನಿಯಾದ ಕೊಳಗಳಲ್ಲಿ ಜೋಸೆಫ್ ಕೀಸೆಕರ್ ಎಂಬವರು ನಡೆಸಿದ ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ಗೊದಮೊಟ್ಟೆಗಳನ್ನು ಬಲೆಯ ಪಂಜರಗಳಲ್ಲಿಟ್ಟು ಕೊಳಕ್ಕಿಳಿಸಿದರು. ಕೆಲವು ಪಂಜರಗಳ ಬಲೆ ಸರ್ಕೇರಿಯಾ ಕೂಡ ನುಸುಳಲಾರದಷ್ಟು ಸಣ್ಣ ಕಣ್ಣಿನದು, ಇನ್ನು ಕೆಲವದರದು ದೊಡ್ಡ ಕಣ್ಣಿನದು. ಹುಳು ನುಸುಳದ ಪಂಜರದಲ್ಲಿ ಕಾಲಿನ ಊನ ಕಾಣಲಿಲ್ಲ. ಹುಳು ನುಸುಳಿದ ಪಂಜರಗಳಲ್ಲಿ ಕಂಡಿತು. ಅದರಲ್ಲೂ ಹೊಲಗಳ ನೀರು ಹರಿದು ಬರುವ ಕೊಳಗಳಲ್ಲಿ ಹೆಚ್ಚು ಕಂಡಿತು. ಗಾಯ ಮಾಡಿದ್ದು ಹುಳು, ಹುಳುವಿನ ಕೈಗೆ ಬಲ ಕೊಟ್ಟದ್ದು ಹೊಲದ ನೀರು.

ಪೆರಾದೆನಿಯದವರು ಮುಂದೆ ಇದನ್ನೇ ನಮ್ಮ ಉಷ್ಣವಲಯದ ಕಪ್ಪೆಗಳಲ್ಲಿ ಪರೀಕ್ಷಿಸಿದರು. ಅವರು ಬಳಸಿದ ವಿಷಗಳು ಕ್ಲೋರ್‌ಪೈರಿಫಾಸ್, ಡೈಮಿಥೋಯೇಟ್, ಗ್ಲೈಫೋಸೇಟ್, ಪ್ರೊಪಾನಿಲ್. ಈ ಹೆಸರುಗಳಲ್ಲಿ ಕೆಲವು ನಮ್ಮೂರ ಗೊಬ್ಬರದಂಗಡಿಯ ಕಪಾಟಿನಲ್ಲೂ ಕಂಡಂಥವೇ. ಅವರು ಆರಿಸಿಕೊಂಡ ಜೀವಿಗಳಲ್ಲಿ ನೆಲಗಪ್ಪೆಯೂ ಒಂದು. ಅದು ಪರದೇಶದ ಅಪರೂಪದ ಪ್ರಾಣಿಯಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಜಗಲಿಯ ಮೂಲೆಗೆ ಬಂದು, ದೀಪದ ಹುಳುಗಳಿಗಾಗಿ ಧ್ಯಾನಕ್ಕೆ ಕೂತಂತೆ ಕೂರುವ, ಮೈಯೆಲ್ಲ ಗುಳ್ಳೆಯ ಅದೇ ಕಪ್ಪೆ. ಡಮರುಗದ ಮರಗಪ್ಪೆಗೆ ಹತ್ತಿರದ ನೆಂಟನೂ ನಮ್ಮಲ್ಲಿದ್ದಾನೆ. ಮಳೆಗಾಲದಲ್ಲಿ ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡಿರುವ ಕಂದು ಮರಗಪ್ಪೆ. ಶ್ರೀಲಂಕಾದ ಕಥೆ ನಮ್ಮ ಮನೆಯೊಳಗಿನ ಕಥೆಯೂ ಹೌದು.

ನಮ್ಮ ಮಲೆನಾಡೂ ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿಲ್ಲ. ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಮಧ್ಯ ಪಶ್ಚಿಮ ಘಟ್ಟದ ಕೃಷಿಭೂಮಿಗಳಲ್ಲಿ ಓಡಾಡಿ, ಅಲ್ಲಿನ ಸಾಮಾನ್ಯ ಕಪ್ಪೆಗಳಲ್ಲಿ ಕಂಡ ಅಂಗಗಳ ಊನವನ್ನು ದಾಖಲಿಸಿ 2007ರಲ್ಲಿ ಪ್ರಕಟಿಸಿದ್ದಾರೆ. ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಾಲಿಲ್ಲದ ಕಪ್ಪೆ ಕಂಡ ಕೂಡಲೇ ಹುಳುವನ್ನು ದೂರಬಾರದು. ನೀರಿನ ಕೀಟಗಳು ಗೊದಮೊಟ್ಟೆಯ ಎಳೆಗಾಲನ್ನು ಕಡಿದು ತಿನ್ನುವುದುಂಟು, ವಿಷವೊಂದೇ ಬೆಳವಣಿಗೆ ಕೆಡಿಸುವುದೂ ಉಂಟು. ಊನ ಒಂದೇ, ದಾರಿ ಹಲವು. ಆದರೆ ಎಲ್ಲ ದಾರಿಗಳೂ ಹಾದುಹೋಗುವುದು ಅದೇ ನೀರಿನ ಮೂಲಕ.

ಇನ್ನು ನಾವು. ಈ ನೂಲಿನಿಂದ ನಾವು ಹೊರಗಿದ್ದೇವೆ ಎಂದು ತಿಳಿಯಬೇಡಿ. ಚಪ್ಪಟೆ ಹುಳುಗಳಲ್ಲೇ ಲಾಡಿ ಹುಳುವಿನ ಪಂಗಡ ಬೇರೆ. ಅದರಲ್ಲಿ ಸ್ಪೈರೋಮೆಟ್ರ ಎಂಬುದಿದೆ. ಅದು ಪ್ರಾಯಕ್ಕೆ ಬರುವುದು ನಾಯಿ ಬೆಕ್ಕುಗಳ ಕರುಳಿನಲ್ಲಿ. ಲಾರ್ವಾ ಬೆಳೆಯುವುದು ಮೊದಲು ನೀರಿನ ಸೂಕ್ಷ್ಮ ಸಿಗಡಿಯಂಥ ಜೀವಿಯಲ್ಲಿ, ಆಮೇಲೆ ಕಪ್ಪೆ ಹಾವುಗಳ ಮಾಂಸದಲ್ಲಿ, ಬಿಳಿ ದಾರದ ಹಾಗೆ. 1882ರಲ್ಲಿ ಚೀನಾದ ಅಮಾಯ್ ಪಟ್ಟಣದಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ಶವಪರೀಕ್ಷೆ ಮಾಡುವಾಗ ಇದು ಮನುಷ್ಯನ ಮೈಯಲ್ಲೇ ಸಿಕ್ಕಿತು. ಪೂರ್ವ ಮತ್ತು ಆಗ್ನೇಯ ಏಷ್ಯಾದ ಕೆಲವೆಡೆ ನೋಯುವ ಕಣ್ಣಿಗೆ ತಂಪೆಂದು ಹಸಿ ಕಪ್ಪೆಮಾಂಸದ ಪಟ್ಟಿ ಹಾಕುವ ರೂಢಿಯಿತ್ತು. ಆ ಮಾಂಸದಿಂದ ಹುಳು ತೆವಳಿ ಕಣ್ಣಿನ ರೆಪ್ಪೆಯೊಳಗೆ ಹೊಕ್ಕ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿವೆ. ಕಾಯಿಸದ ಕೆರೆನೀರು, ಅರೆಬೆಂದ ಮಾಂಸ, ಇವೂ ಅದರ ದಾರಿಗಳೇ. ಕಪ್ಪೆಯ ನೀರು ಬೇರೆ, ನಮ್ಮ ನೀರು ಬೇರೆ ಎಂದು ನಾವು ಗೆರೆ ಎಳೆದುಕೊಂಡಿದ್ದೇವೆ. ಹುಳುವಿಗೆ ಆ ಗೆರೆ ಕಾಣುವುದಿಲ್ಲ.

ಹಾಗಾದರೆ ಮಾಡುವುದೇನು? ಅದಕ್ಕೂ ಕೆರೆಗಳೇ ಉತ್ತರ ಹೇಳಿವೆ. ಜಾನ್ಸನ್ ಅವರ ತಂಡ ಕ್ಯಾಲಿಫೋರ್ನಿಯಾದ 345 ಕೊಳಗಳನ್ನು ತಿರುಗಿ 2013ರಲ್ಲಿ ಒಂದು ಸಂಗತಿ ಹೇಳಿತು. ಒಂದೇ ಜಾತಿಯ ಕಪ್ಪೆಯಿರುವ ಕೊಳಕ್ಕಿಂತ ಹಲವು ಜಾತಿಯ ಕಪ್ಪೆಗಳು ಒಟ್ಟಿಗಿರುವ ಕೊಳದಲ್ಲಿ ಹುಳು ಹರಡುವುದು ಬಹಳ ಕಡಿಮೆ. ಲೆಕ್ಕ ಹಾಕಿದರೆ ಶೇಕಡ 78ರಷ್ಟು ಕಡಿಮೆ. ಕಾರಣ ಸರಳ. ಎಲ್ಲ ಕಪ್ಪೆಯೂ ಹುಳುವಿಗೆ ಒಳ್ಳೆಯ ಮನೆಯಲ್ಲ. ಒಗ್ಗದ ಮೈಗೆ ಹೊಕ್ಕ ಹುಳು ಅಲ್ಲೇ ಸಾಯುತ್ತದೆ. ಹತ್ತು ಜಾತಿ ಇದ್ದಲ್ಲಿ ಹುಳುವಿನ ಗುರಿ ಹತ್ತು ಕಡೆ ತಪ್ಪುತ್ತದೆ. ಕೆರೆ ಬಡವಾದಾಗ ಕಡೆಗೆ ಉಳಿಯುವುದು ಎಲ್ಲವನ್ನೂ ತಡೆದುಕೊಳ್ಳುವ ಒಂದೆರಡು ಜಾತಿ. ಹುಳುವಿಗೆ ಹೆಚ್ಚು ಒಗ್ಗುವುದೂ ಅಂಥವೇ.

ಪ್ರಪಂಚದ ಉಭಯವಾಸಿಗಳಲ್ಲಿ ನೂರಕ್ಕೆ ಸುಮಾರು 41 ಜಾತಿಗಳು ಅಳಿವಿನ ಭಯದಲ್ಲಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳುತ್ತದೆ. ಅಂಕಿ ದೊಡ್ಡದು, ನಮ್ಮ ಕೈ ಚಿಕ್ಕದು. ಆದರೂ ನಮ್ಮ ಗದ್ದೆಯಂಚಿನ ಹೊಂಡದ ಮಟ್ಟಿಗೆ ನಮ್ಮ ಕೈಯೇ ದೊಡ್ಡದು. ಔಷಧಿ ಹೊಡೆದ ಪಂಪನ್ನು, ಡಬ್ಬಿಯನ್ನು ಹೊಂಡದಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿ. ಮೋಡ ಕವಿದ ದಿನ ಗೊಬ್ಬರ ಚೆಲ್ಲಬೇಡಿ. ಬೆಳಗ್ಗೆ ಕೊಟ್ಟದ್ದು ಸಂಜೆಗೆ ಕೆರೆಯಲ್ಲಿರುತ್ತದೆ. ಬದುವಿನ ಹುಲ್ಲನ್ನು, ಕೆರೆಯಂಚಿನ ಜೊಂಡನ್ನು ಪೂರ್ತಿ ಸವರಬೇಡಿ. ಹರಿದು ಬರುವ ಗೊಬ್ಬರವನ್ನು ಅಷ್ಟಿಷ್ಟು ತಡೆದು ಉಣ್ಣುವುದು ಅದೇ, ಏರೋಪ್ಲೇನ್ ಚಿಟ್ಟೆ ಮೊಟ್ಟೆಯಿಡುವುದೂ ಅಲ್ಲೇ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನೀರಿರುವ ಗುಂಡಿಯನ್ನು ದಂಡವೆಂದು ಮುಚ್ಚಬೇಡಿ. ನೀರೊಳ್ಳೆ ಕಂಡರೆ ದೊಣ್ಣೆ ಎತ್ತಬೇಡಿ, ಅದಕ್ಕೆ ವಿಷವಿಲ್ಲ.

ಇನ್ನೊಂದು ಕೆಲಸ ಮಕ್ಕಳಿಗೆ. ಮುಂಗಾರು ಹಿಡಿದ ಮೇಲೆ ಒಂದು ಹೊಂಡವನ್ನು ನಿಮ್ಮದೆಂದು ಆರಿಸಿಕೊಳ್ಳಿ. ವಾರಕ್ಕೊಮ್ಮೆ ಹೋಗಿ ಗೊದಮೊಟ್ಟೆಗಳನ್ನು ನೋಡಿ. ಮುಟ್ಟಬೇಡಿ, ನೀರಿಗಿಳಿಯಬೇಡಿ, ನೋಡಿ ಅಷ್ಟೇ. ನೆಟ್ಟಗೆ ಈಜುತ್ತಿವೆಯೇ? ಹಿಂಗಾಲು ಎಂದು ಮೂಡಿತು, ಮುಂಗಾಲು ಎಂದು? ಡೊಂಕಾದವು ಎಷ್ಟು? ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ಮಿನೆಸೋಟದ ಕಪ್ಪೆಗಳ ಸುದ್ದಿ ಜಗತ್ತಿಗೆ ಗೊತ್ತಾದದ್ದು ನಿಮ್ಮಂಥ ಮಕ್ಕಳ ಕಣ್ಣಿನಿಂದ.

ನಮ್ಮ ಅಜ್ಜಿ ಈಗಿಲ್ಲ. ಇದ್ದಿದ್ದರೆ ಅವರ ಪಕ್ಕದಲ್ಲಿ ಕೂತು ಹೇಳುತ್ತಿದ್ದೆ: ಅದು ಕಪ್ಪೆಯ ಹಣೆಬರಹ ಆಗಿರಲಿಲ್ಲ ಅಜ್ಜಿ, ನಾವು ನೀರಿನ ಮೇಲೆ ಬರೆದ ಬರಹ. ನೀರಿನ ಮೇಲಿನ ಬರಹ ಅಳಿಸಿಹೋಗುತ್ತದೆ ಎಂದು ನೀವು ಹೇಳುತ್ತಿದ್ದಿರಿ. ಅಳಿಸಿಹೋಗುವುದಿಲ್ಲ, ಅಲ್ಲಿ ಹುಟ್ಟಿದವರ ಬೆನ್ನ ಮೇಲೆ ಮೂಡುತ್ತದೆ.

ಶೃಂಗೇರಿಯ ಆ ಹಾವು ನೆರಳು ಹಿಡಿದದ್ದು ಹೆರುವ ಕಪ್ಪೆಗೆ. ಕಪ್ಪೆ ಹೆರುವುದು ನೀರಿನಲ್ಲಿ, ನಮ್ಮ ಗದ್ದೆಯಂಚಿನ, ಮೊಣಕಾಲು ಆಳದ, ಕೆಸರು ನೀರಿನಲ್ಲಿ. ಬರುವ ಮಳೆಗೆ ಅದು ಮತ್ತೆ ತುಂಬುತ್ತದೆ. ಪಂಪನ್ನು ನಾವೀಗ ಅಲ್ಲಿ ತೊಳೆಯುವುದಿಲ್ಲ.